ಹಿತ್ತಾಳೆ ಗುಂಡಿಯ ಫೆರಿಕಾ

ಜನವರಿ ೯

ಪ್ರೀತಿಯ ಮರಿ,

ಇದೇನು, ಅಕ್ಕ ಕಾಗದ ಬರೆದಿದ್ದಾಳೆ, ಫೋನಿಗೇನಾಯಿತು ಎಂದುಕೊಳ್ಳುತ್ತೀಯ. ಫೋನಿಗೆ ಏನೂ ಆಗಿಲ್ಲ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ, ಇಟ್ಟ ಮೇಲೆ ಹೇಳಬೇಕಾದದ್ದು ನೆನಪಾಗುತ್ತದೆ. ಈ ಸಲ ಹಾಗಾಗಬಾರದು.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವಿಗೆ ಹೆದರಿ ಮೆಟ್ಟಿಲು ಇಳಿಯುವುದನ್ನು ಬಿಟ್ಟಿದ್ದಾಳೆ. ಮಹಡಿಯ ಕಿಟಕಿಯಲ್ಲಿ ಕುಳಿತು ಕೆಳಗೆ ಸ್ಟುಡಿಯೋಕ್ಕೆ ಯಾರು ಬಂದರು, ಯಾರು ಬಾಗಿಲವರೆಗೆ ಬಂದು ವಾಪಸ್ಸು ಹೋದರು ಎಂದು ನೋಡಿಟ್ಟು ಸಂಜೆ ನನಗೆ ಒಪ್ಪಿಸುತ್ತಾಳೆ. ನಾನು ಎಂದಿನಂತೆ "ಗಲ್ಲ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ" ಎನ್ನುತ್ತಾ ದಿನ ತಳ್ಳುತ್ತಿದ್ದೇನೆ.

ಕಳೆದ ವಾರ ಫೆರಿಕಾ ಕಂಪನಿಯಿಂದ ಒಂದು ಪುಸ್ತಕ ಬಂತು. ಅವರ ಕ್ಯಾಮೆರಾಕ್ಕೆ ಐವತ್ತು ವರ್ಷ ತುಂಬಿತಂತೆ. ಅವರಿಂದ ಕಾಗದ, ಫಿಲಂ ಕೊಳ್ಳುವ ಎಲ್ಲ ಸ್ಟುಡಿಯೋಗಳಿಗೂ ಒಂದೊಂದು ಕಳಿಸಿದ್ದಾರೆ. 'ನನ್ನ ಮೊದಲ ಫೆರಿಕಾ' ಎಂದು ಮೂವತ್ತು ಜನ ಛಾಯಾಗ್ರಾಹಕರು ಬರೆದಿದ್ದಾರೆ. ಒಬ್ಬರು ಸೈಕಲ್ ಮಾರಿ ಕೊಂಡರಂತೆ. ಇನ್ನೊಬ್ಬರ ಕ್ಯಾಮೆರಾ ಹೊಳೆಗೆ ಬಿದ್ದಾಗ ಅವರೂ ಹಿಂದೆಯೇ ಹಾರಿದರಂತೆ, ಈಜು ಬಾರದಿದ್ದರೂ. ನಿನ್ನದು ಏಳನೆಯದು. ಅಮ್ಮನಿಗೆ ಹೇಳದೆ ಮೊದಲು ನಾನೇ ಓದಿದೆ.

"ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಸಂಜೆ ಅಪ್ಪ ಕೆಲಸದಿಂದ ಬಂದವರು ಚೀಲದಿಂದ ಈ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟರು. ರೀಲು ಸುತ್ತುವ ಗುಂಡಿ ಮುರಿದಾಗ ಅವರೇ ಹಿತ್ತಾಳೆಯದೊಂದನ್ನು ಕೂಡಿಸಿದರು. ಇಂದಿಗೂ ಆ ಗುಂಡಿ ಮುಟ್ಟಿದರೆ ಅಪ್ಪನ ಬೆರಳು ಮುಟ್ಟಿದಂತಾಗುತ್ತದೆ" ಎಂದು ಬರೆದಿದ್ದೀಯ.

ಓದಿ ನನಗೂ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು ನೆನಪು ಮಾಡಿಕೊಂಡೆ. ಅಪ್ಪ ಹೋದಾಗ ನಿನಗೆ ಹತ್ತು ವರ್ಷ.

ಪಕ್ಕದ ಪುಟದಲ್ಲಿ ಕ್ಯಾಮೆರಾದ ದೊಡ್ಡ ಚಿತ್ರವಿದೆ. ನೆಗೆಟಿವ್ ತಿದ್ದುವ ಭೂತಗನ್ನಡಿ ಇಟ್ಟು ನೋಡಿದೆ. ಒಂದು ಸಲವಲ್ಲ.

ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ಕ್ಯಾಮೆರಾ ನಿನಗೆ ಎಲ್ಲಿ ಸಿಕ್ಕಿತು?

ಫೋನ್ ಬೇಡ. ಬರೆ.

ನಿನ್ನ ಅಕ್ಕ


ಜನವರಿ ೨೧

ಪ್ರೀತಿಯ ಅಕ್ಕ,

ನಿನ್ನ ಕಾಗದ ನೋಡಿ ನಗು ಬಂತು. ಪುಸ್ತಕ ಓದಿದವರಲ್ಲೆಲ್ಲ ನನ್ನ ಬರಹದ ತಪ್ಪು ಹಿಡಿದವಳು ನೀನೊಬ್ಬಳೇ. ಶಾಲೆಯಲ್ಲಿ ನನ್ನ ಕಾಪಿ ಪುಸ್ತಕ ತಿದ್ದುತ್ತಿದ್ದ ಅಭ್ಯಾಸ ಇನ್ನೂ ಹೋಗಿಲ್ಲ.

ನಿಜ ಹೇಳುತ್ತೇನೆ. ಆ ಅಪ್ಪನ ಕಥೆ ಸಂಪಾದಕರ ಕೈಚಳಕ. ನಾನು ಎರಡು ಸಾಲು ಬರೆದಿದ್ದೆ, ಅವರು ಉಪ್ಪುಖಾರ ಹಚ್ಚಿ ಎರಡು ಪುಟ ಮಾಡಿದರು. ಓದುವವರಿಗೆ ಅಪ್ಪ ಬೇಕು, ಸಂಜೆ ಬೇಕು, ಚೀಲ ಬೇಕು. ನಾನು ಬೇಡವೆನ್ನಲಿಲ್ಲ, ಅಷ್ಟೇ ನನ್ನ ತಪ್ಪು. ಕ್ಯಾಮೆರಾವನ್ನು ಇಲ್ಲಿಗೆ ಬಂದ ಹೊಸದರಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ಆ ಕಾಲದ ಫೆರಿಕಾಗಳಿಗೆಲ್ಲ ಆ ಗುಂಡಿಯೇ ಮೊದಲು ಮುರಿಯುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಕೂಡಿಸಿಕೊಂಡವರು ಎಷ್ಟು ಜನವೋ!

ಜೂನ್ ತಿಂಗಳಲ್ಲಿ ಕಂಪನಿಯವರು ಇಲ್ಲಿ ದೊಡ್ಡ ಪ್ರದರ್ಶನ ಇಟ್ಟುಕೊಂಡಿದ್ದಾರೆ. ಮೂವತ್ತು ಜನರ ಮೊದಲ ಕ್ಯಾಮೆರಾಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರಂತೆ. ಉದ್ಘಾಟನೆಯ ದಿನ ಮಾತಾಡಲು ನನ್ನನ್ನೇ ಆರಿಸಿದ್ದಾರೆ. ನೀನು ಖುಷಿಪಡುತ್ತೀಯ ಎಂದು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಈ ವಿಷಯವನ್ನೆಲ್ಲ ಅಮ್ಮನ ಹತ್ತಿರ ಎತ್ತಬೇಡ. ಪಾಪ, ಈ ವಯಸ್ಸಿನಲ್ಲಿ ಅವಳನ್ನು ಯಾಕೆ ನೋಯಿಸಬೇಕು.

ನಿನ್ನ ಪ್ರೀತಿಯ ತಮ್ಮ,
ಮರಿ


ಜನವರಿ ೨೭

ಮರಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಂಡಿ ನೋವು, ಕಿಟಕಿ ಬಿಟ್ಟು ಅಮ್ಮನ ಬಗ್ಗೆ ಏನೂ ಬರೆದಿರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಿಂದ ಅಮ್ಮನಿಗೆ ಯಾಕೆ ನೋವಾಗಬೇಕು?

ನಿನಗೆ ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಹದಿನಾರಕ್ಕೆ ಶಾಲೆ ಬಿಟ್ಟು ನಾನು ಈ ಸ್ಟುಡಿಯೋಕ್ಕೆ ಸೇರಿದೆ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಜನರ ಮೊಡವೆ, ಸುಕ್ಕು ಅಳಿಸುವ ಕೆಲಸ. ಪಕ್ಕದ ಮೇಜಿನಲ್ಲಿ ಫೋಟೋಗಳಿಗೆ ಕುಂಚದಿಂದ ಬಣ್ಣ ಹಾಕುವ ಹುಡುಗಿ. ಆಗಿನ ಯಜಮಾನರು ನಮ್ಮಿಬ್ಬರ ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು 'ಪೆನ್ಸಿಲ್', ಅವಳು 'ಬಣ್ಣ'. ಆರು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಫೆರಿಕಾ ಕೊಂಡೆ. ಹೊಸ ಪೆಟ್ಟಿಗೆಯದು. ತಂದ ವಾರವೇ ಮೆಟ್ಟಿಲ ಮೇಲೆ ಕೈಜಾರಿ ಬಿತ್ತು, ರೀಲು ಸುತ್ತುವ ಗುಂಡಿ ಎರಡು ಹೋಳಾಯಿತು. ನಾನು ಅಳುತ್ತಾ ಕುಳಿತಿದ್ದಾಗ ಬಣ್ಣ ಮನೆಗೆ ಓಡಿಹೋಗಿ ಒಂದು ಹಿತ್ತಾಳೆ ಗುಂಡಿ ತಂದಳು. ಅವಳ ಅಪ್ಪ ರೇಡಿಯೋ ರಿಪೇರಿ ಮಾಡುವವರು. ತಮ್ಮ ಸ್ವಂತ ರೇಡಿಯೋದಿಂದ ಬಿಚ್ಚಿ ಕೊಟ್ಟಿದ್ದರು. ಅಂಚಿನಲ್ಲಿ ಹಲ್ಲುಹಲ್ಲಾದ, ನಡುವೆ ಒಂದು ಗೀರು ಬಿದ್ದ ಅಂಥದೇ ಗುಂಡಿ ಇನ್ನೊಂದು ಕ್ಯಾಮೆರಾದಲ್ಲೂ ಇರುತ್ತದೆಯೇ?

ಆ ಕ್ಯಾಮೆರಾದಲ್ಲಿ ತೆಗೆದ ಫೋಟೋ ನೋಡಿಯೇ ದೊಡ್ಡ ಊರಿನ ವಾರಪತ್ರಿಕೆಯವರು ನನ್ನನ್ನು ಕರೆದದ್ದು. "ಸ್ವಂತ ಕ್ಯಾಮೆರಾ ಇದ್ದರೆ ಸೋಮವಾರ ಬನ್ನಿ" ಎಂದಿದ್ದರು. ಶನಿವಾರ ಮಧ್ಯಾಹ್ನ ಬಣ್ಣ ನನ್ನ ಬಟ್ಟೆ ಜೋಡಿಸಲು ಮನೆಗೆ ಬಂದಳು. ನಾನು ಚೀಲಕ್ಕೆ ಪಟ್ಟಿ ಹೊಲಿಸಲು ಹೋಗಿ ಅರ್ಧ ಗಂಟೆಯಲ್ಲಿ ಬಂದೆ. ಬಂದಾಗ ಅವಳು ಹೋಗಿಯಾಗಿತ್ತು. ಕಪಾಟಿನಲ್ಲಿ ಕ್ಯಾಮೆರಾ ಇರಲಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಳು. ನೀನು ಬಾಗಿಲಿಗೊರಗಿ ನಿಂತಿದ್ದೆ. "ಒಳಗೆ ಇದ್ದದ್ದು ಅವಳೊಬ್ಬಳೇ. ಅವಳ ಚೀಲ ನೋಡಕ್ಕ" ಎಂದೆ.

ನಾನು ನೋಡಿದೆ. ಸೋಮವಾರ ವಾರಪತ್ರಿಕೆಗೆ ಹೋಗಬೇಕಾದವಳು ಸ್ಟುಡಿಯೋಕ್ಕೆ ಹೋಗಿ, ಯಜಮಾನರ ಎದುರು, ಗಿರಾಕಿಗಳ ಎದುರು ಅವಳ ಚೀಲವನ್ನು ಮೇಜಿನ ಮೇಲೆ ಕವುಚಿದೆ. ಕುಂಚದ ಡಬ್ಬಿ, ಬಾಚಣಿಗೆ, ಅರ್ಧ ತಿಂದ ಬ್ರೆಡ್ಡು. ಅವಳು ಒಂದೊಂದನ್ನೇ ಎತ್ತಿ ಒಳಗಿಟ್ಟುಕೊಂಡಳು. "ನಾಳೆಯಿಂದ ಬರಬೇಡ" ಎಂದರು ಯಜಮಾನರು.

ಕ್ಯಾಮೆರಾದ ಗ್ಯಾರಂಟಿ ಚೀಟಿ ನನ್ನ ಹತ್ತಿರ ಇನ್ನೂ ಇದೆ. ನಿನ್ನ ಕ್ಯಾಮೆರಾದ ತಳದಲ್ಲಿ ಕೆತ್ತಿರುವ ನಂಬರು ಬರೆದು ಕಳಿಸು. ಬೇರೇನೂ ಬರೆಯಬೇಡ. ಬರೀ ನಂಬರು.

ಅಕ್ಕ


ಮಾರ್ಚ್ ೩೦

ಅಕ್ಕ,

ಎರಡು ತಿಂಗಳು ಈ ಕಾಗದ ಬರೆದು ಹರಿದೆ. ನಂಬರು ಬರೆಯುವುದಿಲ್ಲ. ನಿನಗೆ ಗೊತ್ತಿದೆ.

ನಾನು ಕದಿಯಲಿಲ್ಲ. ಇದೊಂದನ್ನು ನಂಬು. ಅಮ್ಮ ಕೊಟ್ಟಳು. ಆ ಶನಿವಾರ ನನ್ನನ್ನು ಅಡುಗೆಮನೆಗೆ ಕರೆದು, ಹಿಟ್ಟಿನ ಡಬ್ಬಿಯಿಂದ ತೆಗೆದು ತೋರಿಸಿ, "ಇದು ನಿನಗೆ. ಬಾಯಿ ಬಿಡಬೇಡ" ಎಂದಳು. ನನಗೆ ಹತ್ತೊಂಬತ್ತು. ಮೂರು ಕಡೆ ಕೆಲಸ ಕೇಳಿ ಮೂರು ಕಡೆಯೂ ಬೈಸಿಕೊಂಡು ಬಂದಿದ್ದೆ. ಒಂದು ತಿಂಗಳು ಇಟ್ಟುಕೊಂಡು ಹಿಂದಿರುಗಿಸೋಣ ಎಂದುಕೊಂಡಿದ್ದೆ. ತಿಂಗಳ ಹೊತ್ತಿಗೆ ಇಲ್ಲಿ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಹಿಂದಿರುಗಿಸಬೇಕೆಂದರೆ ಹೇಳಬೇಕಿತ್ತು. ಹೇಳುವುದು ಪ್ರತಿ ವರ್ಷ ಕಷ್ಟವಾಗುತ್ತ ಹೋಯಿತು. ಆಫೀಸಿನ ಕ್ಯಾಮೆರಾ ಎಂದು ನಿನಗೆ ಹೇಳಿದೆ. ಅಪ್ಪನ ಕ್ಯಾಮೆರಾ ಎಂದು ಇಲ್ಲಿ ಯಾರಿಗೋ ಒಮ್ಮೆ ಹೇಳಿದೆ. ಹೇಳಿ ಹೇಳಿ ನನಗೇ ಅಪ್ಪ ಚೀಲ ಬಿಚ್ಚಿದ್ದು ಕಾಣತೊಡಗಿತು. ಸಂಪಾದಕರ ಮೇಲೆ ಹಾಕಿದ್ದು ಸುಳ್ಳು. ಅದನ್ನೆಲ್ಲ ಬರೆದವನು ನಾನೇ.

ಚೀಲದ ಮಾತು ನನ್ನ ಬಾಯಿಂದ ಯಾಕೆ ಬಂತೋ ಗೊತ್ತಿಲ್ಲ. ಹೆದರಿಕೆ.

ಕೇಳಿದ್ದರೆ ನೀನೇ ಕೊಟ್ಟುಬಿಡುತ್ತಿದ್ದೆ, ಅಲ್ಲವೇ ಅಕ್ಕ? ನೀನು ಅಂಥವಳು.

ಜೂನ್ ಕಳೆಯಲಿ, ದಯವಿಟ್ಟು. ಇಪ್ಪತ್ತಾರು ವರ್ಷ ದುಡಿದು ಗಳಿಸಿದ ಹೆಸರು ನನ್ನದು. ಫೋಟೋ ತೆಗೆದದ್ದಂತೂ ನಾನೇ ತಾನೇ.

ಮರಿ


ಏಪ್ರಿಲ್ ೬

ಬಣ್ಣ,

ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗೆ ಉಳಿದಿಲ್ಲ. ಆದರೆ ಬೇರೆ ಹೆಸರಿನಿಂದ ಕರೆದರೆ ಯಾರಿಗೋ ಬರೆಯುತ್ತಿದ್ದೇನೆ ಅನ್ನಿಸುತ್ತದೆ.

ನಿನ್ನ ವಿಳಾಸ ನಿನ್ನ ಅಪ್ಪನ ಅಂಗಡಿ ಇದ್ದ ಕಟ್ಟಡದ ಬೀಗ ರಿಪೇರಿಯವರಿಂದ ಸಿಕ್ಕಿತು. ನಿಮ್ಮ ಅಂಗಡಿಯ ಜಾಗದಲ್ಲಿ ಈಗ ಔಷಧಿ ಅಂಗಡಿ ಇದೆ.

ನನ್ನ ಕ್ಯಾಮೆರಾ ನೀನು ತೆಗೆದಿರಲಿಲ್ಲ. ನಮ್ಮ ಮನೆಯಲ್ಲೇ ಇತ್ತು. ಅಮ್ಮ ಬಚ್ಚಿಟ್ಟು ತಮ್ಮನಿಗೆ ಕೊಟ್ಟಳು. ಇದು ನನಗೆ ಗೊತ್ತಾಗಿ ಮೂರು ದಿನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆ ಹಾಕಿದ ಕೈ ನನ್ನದು. ನಿನ್ನ ಚೀಲ ಕವುಚುವಾಗ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆರು ವರ್ಷದ ಗೆಳತಿಯನ್ನು ನಂಬದೆ, ಬಾಗಿಲಿಗೊರಗಿ ನಿಂತವನ ಒಂದು ಮಾತು ನಂಬಿದೆ.

ಕ್ಷಮಿಸು ಎಂದು ಬರೆಯಲು ಕೂತೆ. ಬರೆದು ನೋಡಿದರೆ ಪದ ತೀರಾ ಚಿಕ್ಕದಾಗಿ ಕಾಣುತ್ತಿದೆ. ನೀನು ಒಪ್ಪಿದರೆ ಬಂದು ನಿನ್ನ ಎದುರು ನಿಂತು ಹೇಳುತ್ತೇನೆ.

ಪೆನ್ಸಿಲ್


ಮೇ ೧೯

ಪೆನ್ಸಿಲ್,

ನಿನ್ನ ಅಕ್ಷರ ಹಾಗೇ ಇದೆ, ಇರುವೆ ಶಾಯಿಯಲ್ಲಿ ಬಿದ್ದು ಎದ್ದು ನಡೆದ ಹಾಗೆ. ಲಕೋಟೆ ನೋಡುತ್ತಲೇ ಗೊತ್ತಾಯಿತು. ಒಡೆಯಲು ಒಂದು ತಿಂಗಳು ಹಿಡಿಯಿತು.

ನೀನು ಬರೆದ ಸುದ್ದಿ ನನಗೆ ಹೊಸದಲ್ಲ. ನನಗೆ ಇಪ್ಪತ್ತೈದು ವರ್ಷದಿಂದ ಗೊತ್ತು.

ಸ್ಟುಡಿಯೋದಿಂದ ಹೊರಬಿದ್ದ ಮೇಲೆ ನನಗೆ ಬೇರೆ ಯಾವ ಸ್ಟುಡಿಯೋದಲ್ಲೂ ಕೆಲಸ ಸಿಗಲಿಲ್ಲ. ಅವಳ ಕೈ ಶುದ್ಧವಿಲ್ಲ ಎಂಬ ಮಾತು ನನಗಿಂತ ಮೊದಲೇ ಹೋಗಿ ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು. ಬೋರ್ಡ್ ಬರೆಯಲು ಕಲಿತೆ. ಮಾರನೇ ವರ್ಷ ಪಕ್ಕದ ಊರಿನ ಆಟದ ಮೈದಾನದ ಗೋಡೆ ಬರೆಯುತ್ತಾ ಏಣಿ ಮೇಲಿದ್ದೆ. ಕೆಳಗೆ ನಿನ್ನ ತಮ್ಮ ಓಡಾಡಿ ಫೋಟೋ ತೆಗೆಯುತ್ತಿದ್ದ. ಕೊರಳಲ್ಲಿ ಫೆರಿಕಾ. ಏಣಿ ಮೇಲಿನಿಂದ ಅಪ್ಪನ ಗುಂಡಿ ಬಿಸಿಲಿಗೆ ಹೊಳೆದದ್ದು ಕಂಡಿತು. ಅವನೂ ನನ್ನನ್ನು ನೋಡಿದ. ಬೆನ್ನು ತಿರುಗಿಸಿ ಹೋದ.

ನಾನು ಅವತ್ತೇ ಬಸ್ಸು ಹಿಡಿದು ನಿಮ್ಮ ಮನೆಗೆ ಬಂದೆ. ನೀನು ಕೆಲಸದಲ್ಲಿದ್ದೆ. ನಿನ್ನ ಅಮ್ಮ ಬಾಗಿಲು ತೆಗೆದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಳಗೆ ಕೂರಿಸಿ, ಚಹಾ ಕೊಟ್ಟರು. "ಅವಳಿಗೆ ಹೇಳಿದ್ರೆ ನಮ್ಮ ಮನೆ ಒಡೆಯುತ್ತೆ. ನೀನು ಹೇಗೂ ಕಳ್ಳಿ ಅನ್ನಿಸಿಕೊಂಡಾಗಿದೆಯಲ್ಲಮ್ಮ, ಅದು ಇನ್ನು ಹೋಗೋದಲ್ಲ. ಇನ್ನೊಂದು ಸಂಸಾರ ಯಾಕೆ ಕೆಡಿಸ್ತೀಯ?" ಎಂದರು. ನನ್ನ ಕೈ ಹಿಡಿದುಕೊಂಡೇ ಹೇಳಿದರು. ಕೈ ತಣ್ಣಗಿತ್ತು.

ನಾನು ಯಾಕೆ ಸುಮ್ಮನಾದೆ ಎಂದು ನೀನು ಕೇಳಬಹುದು. ನಿನ್ನ ಮನೆ ಉಳಿಸಲು ಅಲ್ಲ. ನಾನು ಹೇಳಿದರೂ ನೀನು ನಂಬುವುದಿಲ್ಲ ಎಂದು ಗೊತ್ತಿತ್ತು. ಚೀಲದ ದಿನ ನಿನ್ನ ಮುಖ ನೋಡಿದವಳು ನಾನು.

ಅಪ್ಪ ಸುದ್ದಿ ತಿಳಿದ ದಿನ ನನ್ನ ಟ್ರಂಕು ತೆಗೆದು ನೋಡಿದ. ಮರುದಿನದಿಂದ ಅಂಗಡಿಯ ಮೇಜಿನ ಡ್ರಾಯರಿಗೆ ಬೀಗ ಹಾಕತೊಡಗಿದ. ಅದುವರೆಗೆ ಆ ಡ್ರಾಯರಿಗೆ ಬೀಗವೇ ಇರಲಿಲ್ಲ. ಗುಂಡಿ ಬಿಚ್ಚಿ ಕೊಟ್ಟ ರೇಡಿಯೋವನ್ನು ಇಕ್ಕಳದಲ್ಲಿ ತಿರುಗಿಸಿ ಸುದ್ದಿ ಕೇಳುತ್ತಿದ್ದ. ಹನ್ನೊಂದು ವರ್ಷ. ಹೋಗುವ ಮುನ್ನ ಬೀಗದಕೈಯನ್ನು ಅಣ್ಣನಿಗೆ ಕೊಟ್ಟ. ನಾನೇ ಹಾಸಿಗೆ ಪಕ್ಕ ಇದ್ದೆ, ಅಣ್ಣ ಹೊರಗಿದ್ದ. ಅವನು ಬರುವವರೆಗೆ ಕಾದು ಕೊಟ್ಟ.

ನೀನು ನನ್ನನ್ನು ಕ್ಷಮೆ ಕೇಳಿದ್ದೀಯ. ಅಪ್ಪನನ್ನು ಯಾರು ಕೇಳುತ್ತಾರೆ?

ಬರಬೇಡ. ಮೊದಲ ಎರಡು ವರ್ಷ ನೀನು ಬರುತ್ತೀಯ ಎಂದು ಕಾದಿದ್ದೆ. ಆಮೇಲೆ ಬೋರ್ಡುಗಳು ಹೆಚ್ಚಾದವು, ಪುರಸೊತ್ತಾಗಲಿಲ್ಲ.

ಬಣ್ಣ


ಮೇ ೨೫

ಮರಿ,

ನಿನ್ನೆ ಅಮ್ಮನನ್ನು ಕೇಳಿದೆ. ನೀನು ಬೇಡ ಎಂದಿದ್ದೆ. ನಿನ್ನ ಮಾತು ಕೇಳಿ ಒಮ್ಮೆ ಒಂದು ಚೀಲ ಕವುಚಿದ್ದೆ, ಅಷ್ಟು ಸಾಕು.

ಅವಳು ಕಿಟಕಿ ಪಕ್ಕ ಬಟ್ಟೆ ಮಡಿಸುತ್ತಿದ್ದಳು. ನಿನ್ನ ಪುಸ್ತಕ ತೆರೆದು ಮಡಿಲಲ್ಲಿಟ್ಟೆ. ಚಿತ್ರ ನೋಡಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಕೊಟ್ಟೆ. ಏನೀಗ?" ಎಂದಳು.

"ಅವನಿಗೆ ಕೆಲಸ ಬೇಕಿತ್ತು ಅಂತಾನಾ?"

"ಅವನಿಗೂ ಬೇಕಿತ್ತು."

"ಅವನಿಗೂ ಅಂದ್ರೆ?"

ಅವಳು ಒಂದು ಟವೆಲನ್ನು ನಾಲ್ಕು ಸಲ ಮಡಿಸಿದಳು. "ಅವನು ಹೇಗಿದ್ರೂ ಹೋಗೋನೇ. ರೆಕ್ಕೆ ಬಲಿತಿತ್ತು. ನೀನೂ ಹೋಗಿದ್ರೆ ನಾನು ಯಾರ ಮುಖ ನೋಡ್ಕೊಂಡಿರಬೇಕಿತ್ತು? ನಿಮ್ಮಪ್ಪನೂ ಇಲ್ಲ. ಆ ಕ್ಯಾಮೆರಾ ಇದ್ದಿದ್ರೆ ನೀನು ಇರ್ತಿದ್ದೆಯಾ ಇಲ್ಲಿ? ಹೇಳು."

ನಾನು ಅವಳ ಮಡಿಲಿನಿಂದ ಪುಸ್ತಕ ಎತ್ತಿಕೊಂಡೆ.

"ಇರ್ತಿರಲಿಲ್ಲ. ಅದಕ್ಕೇ" ಎಂದಳು. ಆಮೇಲೆ, "ಕೆಳಗೆ ಯಾರೋ ಬಂದಿದ್ದಾರೆ, ಹೋಗು" ಎಂದಳು. ನಿಜವಾಗಿಯೂ ಯಾರೋ ಬಂದಿದ್ದರು. ಪಾಸ್‌ಪೋರ್ಟ್ ಫೋಟೋ. ಹೋಗಿ ತೆಗೆದೆ.

ಇಷ್ಟು ದಿನ ನಿನಗೋಸ್ಕರ ನನ್ನನ್ನು ಬಲಿ ಕೊಟ್ಟಳು ಎಂದು ಸಿಟ್ಟಿತ್ತು. ಅದಾದರೂ ಅರ್ಥವಾಗುವ ಸಿಟ್ಟು. ಈಗ ಗೊತ್ತಾಗಿರುವುದು ಬೇರೆ. ಕ್ಯಾಮೆರಾ ನಿನಗೆ ಕೊಟ್ಟದ್ದು ಅದನ್ನು ಇಡಲು ಬೇರೆ ಜಾಗ ಇಲ್ಲದ್ದಕ್ಕೆ. ನೀನು ಕೂಡ ಒಂದು ಹಿಟ್ಟಿನ ಡಬ್ಬಿ. ಅವಳು ಬೀಗ ಹಾಕಿದ್ದು ನನಗೆ. ನನಗೆ ಬಂದ ಎರಡು ಸಂಬಂಧಗಳಲ್ಲೂ ಅವಳಿಗೆ ಹುಳುಕು ಕಂಡಿತ್ತು. ಅವಳ ಕಣ್ಣು ಎಷ್ಟು ಸೂಕ್ಷ್ಮ ಎಂದು ನಾನೇ ಹೊಗಳಿಕೊಂಡು ಓಡಾಡಿದ್ದೆ.

ನೀನು ಕೇಳಿದ್ದೆ, ಕೇಳಿದ್ದರೆ ಕೊಡುತ್ತಿದ್ದೆ ಅಲ್ಲವೇ ಎಂದು. ಇಲ್ಲ ಮರಿ. ಕೊಡುತ್ತಿರಲಿಲ್ಲ. ಅದು ನನ್ನದಾಗಿತ್ತು.

ಬಣ್ಣಳ ಕಾಗದದ ಪ್ರತಿ ಜೊತೆಗಿಟ್ಟಿದ್ದೇನೆ. ಏಣಿ ಮೇಲಿದ್ದವಳನ್ನು ನೋಡಿ ನೀನು ಬೆನ್ನು ತಿರುಗಿಸಿದ್ದು ಅದರಲ್ಲಿದೆ. ಜೂನ್ ಕಳೆಯಲಿ ಎಂದು ಕೇಳಿದ್ದೀಯ. ಅವಳ ಅಪ್ಪನಿಗೆ ಹನ್ನೊಂದು ಜೂನ್ ಕಳೆದವು.

ಅಕ್ಕ
(ಬೇರೆ ಏನೆಂದು ಸಹಿ ಹಾಕಬೇಕೋ ತೋಚದೆ ಹೀಗೆ ಹಾಕಿದ್ದೇನೆ.)


ಜೂನ್ ೨

ಅಕ್ಕ,

ಓದಿದೆ. ಪೂರ್ತಿ ಓದಿದೆ.

ನೀನು ಹದಿನಾಲ್ಕಕ್ಕೆ ಬಾ. ಉದ್ಘಾಟನೆಯಲ್ಲಿ ಎಲ್ಲರೆದುರು ಸರಿಪಡಿಸುತ್ತೇನೆ. ಅಪ್ಪನ ಕಥೆ ಸುಳ್ಳು, ಇದು ನನ್ನ ಅಕ್ಕನ ಕ್ಯಾಮೆರಾ ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ನಿನ್ನ ಕೈ ಹಿಡಿದು ವೇದಿಕೆಗೆ ಕರೆದುಕೊಂಡು ಹೋಗುತ್ತೇನೆ. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ, ನಿನಗೆ ಇದಕ್ಕಿಂತ ದೊಡ್ಡ ಮರ್ಯಾದೆ ನಾನು ಕೊಡಲಾರೆ.

ಬರುತ್ತೀಯ ತಾನೇ?

ಮರಿ


ಜೂನ್ ೧೮

ಬಣ್ಣ,

ನೀನು ಬರಬೇಡ ಎಂದೆ, ಬರುವುದಿಲ್ಲ. ಬರೆಯಬೇಡ ಎಂದಿಲ್ಲವಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಡೆದದ್ದು ನಿನಗೆ ತಿಳಿಯಬೇಕು.

ತಮ್ಮ ಎಲ್ಲರೆದುರು ಸತ್ಯ ಹೇಳುತ್ತೇನೆ ಎಂದು ಕರೆದಿದ್ದ. ಎರಡು ದಿನ ಯೋಚಿಸಿ, ಪಕ್ಕದ ಮನೆಯವರಿಗೆ ಅಮ್ಮನನ್ನು ನೋಡಿಕೊಳ್ಳಲು ಹೇಳಿ ಹೊರಟೆ. ಮೂರ್ಖಳು, ನಂಬಿಯೇ ಹೋದೆ.

ದೊಡ್ಡ ಸಭಾಂಗಣ. ಬಿಳಿ ಗೋಡೆ, ಸಾಲಾಗಿ ಗಾಜಿನ ಪೆಟ್ಟಿಗೆಗಳು. ಏಳನೆಯದರಲ್ಲಿ ನನ್ನ ಕ್ಯಾಮೆರಾ. ಇಪ್ಪತ್ತಾರು ವರ್ಷದ ಮೇಲೆ ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಕೆಳಗೆ ಚೆಂದದ ಅಕ್ಷರದಲ್ಲಿ ಒಂದು ಚೀಟಿ: 'ಅಕ್ಕನ ಉಡುಗೊರೆ'.

ಅಚ್ಚಾದ ಚೀಟಿ, ಬಣ್ಣ. ಅಂದರೆ ವಾರದ ಹಿಂದೆಯೇ ಬರೆದುಕೊಟ್ಟಿದ್ದಾನೆ. ಅಲ್ಲಿಯೇ ನನಗೆ ತಿಳಿಯಿತು. ಆದರೂ ಹೋಗಿ ಕುಳಿತೆ.

ಅವನು ಚೆನ್ನಾಗಿ ಮಾತಾಡುತ್ತಾನೆ. "ಇವತ್ತು ನಾನೊಂದು ತಪ್ಪು ತಿದ್ದಬೇಕು. ಈ ಕ್ಯಾಮೆರಾ ಅಪ್ಪ ಕೊಟ್ಟದ್ದಲ್ಲ. ನನ್ನ ಅಕ್ಕ ಕೊಟ್ಟದ್ದು. ಅವಳಿಗೂ ಫೋಟೋಗ್ರಾಫರ್ ಆಗೋ ಆಸೆ ಇತ್ತು. ತಮ್ಮ ಮುಂದೆ ಬರಲಿ ಅಂತ ತನ್ನ ಮೊದಲ ಕ್ಯಾಮೆರಾನೇ ನನ್ನ ಕೈಲಿಟ್ಟಳು" ಎಂದ. ಸಭಾಂಗಣ ಪೂರ್ತಿ ಚಪ್ಪಾಳೆ. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು ನನ್ನ ಕೈ ಒತ್ತಿದಳು. ಕದ್ದದ್ದನ್ನು ಅಷ್ಟು ಜನರೆದುರು ನನ್ನ ಕೈಯಿಂದಲೇ ದಾನ ಮಾಡಿಸಿದ.

ವೇದಿಕೆಗೆ ಕರೆದ. ಹೋದೆ. ಮೈಕು ನನ್ನ ಮುಂದೆ ಹಿಡಿದು, "ಎರಡೇ ಮಾತು, ಅಕ್ಕ" ಎಂದ.

"ನಾನು ಕೊಡಲಿಲ್ಲ" ಎಂದೆ.

ಜನ ನಕ್ಕರು! ಪಾಪ, ಎಂಥ ಸಂಕೋಚದ ಹೆಂಗಸು ಎಂದುಕೊಂಡರು. ಇನ್ನೊಂದು ಸಲ ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದೆ.

"ನಾನು ಕೊಟ್ಟಿಲ್ಲ. ಇದು ನಮ್ಮ ಮನೆಯಿಂದ ಕಳುವಾದ ಕ್ಯಾಮೆರಾ. ಇದನ್ನ ಕದ್ದಳು ಅಂತ ನಾನು ನನ್ನ ಗೆಳತೀನ ಹತ್ತು ಜನರ ಎದುರು ಕಳ್ಳಿ ಮಾಡಿದೆ. ಅವಳು ಕದ್ದಿರಲಿಲ್ಲ" ಎಂದೆ. ನಿನ್ನ ಪೂರ್ತಿ ಹೆಸರು ಹೇಳಿದೆ. ಆಮೇಲೆ ನಿನ್ನ ಅಪ್ಪನ ಹೆಸರು ಹೇಳಿದೆ. ಅವರ ಅಂಗಡಿ ಯಾವ ರಸ್ತೆಯಲ್ಲಿತ್ತು ಎಂದು ಹೇಳಿದೆ. "ಆ ಹಿತ್ತಾಳೆ ಗುಂಡಿ ಅವರ ಸ್ವಂತ ರೇಡಿಯೋದ್ದು. ಅವರು ಮಗಳ ಮೇಲಿನ ನಂಬಿಕೆ ಕಳಕೊಂಡು ಸತ್ತರು. ಅದಕ್ಕೆ ಕಾರಣ ನಾನು. ಅವರ ಹತ್ತಿರ ಕ್ಷಮೆ ಕೇಳೋಕೆ ಆಗಲ್ಲ. ಅದಕ್ಕೆ ನಿಮ್ಮೆದುರು ಕೇಳ್ತಿದ್ದೇನೆ" ಎಂದೆ.

ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಕ್ಕನಿಗೆ ಪ್ರಯಾಣದ ಆಯಾಸ" ಎಂದು ಮೈಕು ತೆಗೆದುಕೊಂಡ. ಕಂಪನಿಯವರು ಚಹಾ ಸಿದ್ಧವಾಗಿದೆ ಎಂದು ಸಾರಿದರು. ಜನ ಎದ್ದು ನನ್ನ ಮುಖ ನೋಡದೆ ಚಹಾದ ಕಡೆ ಹೋದರು. ಕೈ ಒತ್ತಿದ್ದ ಹೆಂಗಸೂ.

ಪಡಸಾಲೆಯಲ್ಲಿ ಅವನು ನನ್ನನ್ನು ತಡೆದ.

"ಸಮಾಧಾನ ಆಯ್ತಾ?"

"ಇಲ್ಲ" ಎಂದೆ. ಆಗಿರಲಿಲ್ಲ.

"ನಾನು ನಿನ್ನನ್ನ ದೊಡ್ಡವಳು ಮಾಡೋಕೆ ಹೋದೆ. ನೀನು..." ಎನ್ನುವಷ್ಟರಲ್ಲಿ ಯಾರೋ ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದರು. ಅವನು ತಲೆಗೂದಲು ಸರಿಮಾಡಿಕೊಂಡು ನಿಂತ. ನಾನು ಬಸ್ಸಿಗೆ ಹೋದೆ.

ಮನೆಗೆ ಬಂದಾಗ ಅಮ್ಮ ಕಿಟಕಿಯಲ್ಲೇ ಇದ್ದಳು. ಮೆಟ್ಟಿಲು ಹತ್ತುವಾಗಲೇ "ಮರಿ ಚೆನ್ನಾಗಿದ್ದಾನಾ?" ಎಂದಳು. ಇದ್ದಾನೆ ಎಂದೆ. ನಾನು ಚೀಲ ಇಳಿಸುವಾಗ, "ನನ್ನ ವಿಷಯ ಏನಾದ್ರೂ ಬಂತಾ?" ಎಂದಳು.

"ಇಲ್ಲಮ್ಮ" ಎಂದೆ.

ಅದು ನಿಜ, ಬಣ್ಣ. ನನ್ನ ಬಾಯಿಗೆ ಅವಳ ಹೆಸರು ಬರಲಿಲ್ಲ. ಕಳುವಾಯಿತು ಎಂದೆ, ಯಾರು ಕದ್ದರು ಎನ್ನಲಿಲ್ಲ. ಅಷ್ಟು ಜನರೆದುರು ಎಲ್ಲ ಹೇಳಿ ಅದೊಂದನ್ನು ನುಂಗಿದೆ. ನಿನ್ನ ಕೈ ಹಿಡಿದು ಆ ಮಾತಾಡಿದವಳಿಗೆ ಇವತ್ತೂ ಊಟ ಬಡಿಸಿ, ಮಾತ್ರೆ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಿದ್ದೇನೆ. ಅವಳನ್ನು ಬಿಡಲು ಆಗುತ್ತಿಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ಮತ್ತೊಂದು ಮೋಸವಾಗುತ್ತದೆ ಎಂದು ಬರೆದೆ.

ಪೆನ್ಸಿಲ್


ಜುಲೈ ೩

ಪೆನ್ಸಿಲ್,

ಕಾರ್ಡಿನಲ್ಲಿ ಜಾಗ ಕಮ್ಮಿ. ನಿನ್ನ ಅಮ್ಮನ ಹೆಸರು ಬಿಡುತ್ತೀಯ ಎಂದು ನಾನು ಮೊದಲೇ ಅಂದುಕೊಂಡಿದ್ದೆ. ಅದಕ್ಕೆ ಸಿಟ್ಟಿಲ್ಲ ಅನ್ನಲಾರೆ.

ನನ್ನ ಅಮ್ಮ ಇನ್ನೂ ಇದ್ದಾಳೆ, ನನ್ನ ಜೊತೆಗೇ. ಕಿವಿ ಮಂದ. ನಿನ್ನ ಕಾಗದವನ್ನು ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪನ ಹೆಸರು ಬಂದ ಕಡೆ ನಿಲ್ಲಿಸಿ, ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. ಆಮೇಲೆ ಒಂದು ಪ್ರಶ್ನೆ ಕೇಳಿದಳು. ನೀನು ಅದನ್ನು ಬರೆದಿಲ್ಲ, ನನಗೂ ಗೊತ್ತಿಲ್ಲ. ನೋಡಿಕೊಂಡಿದ್ದರೆ ಬರೆದು ತಿಳಿಸು.

ಅಪ್ಪನ ಹೆಸರು ಹೇಳಿದಾಗ ಸಭಾಂಗಣದಲ್ಲಿ ಎಷ್ಟು ಜನ ಇದ್ದರು?

ಬಣ್ಣ